ತಾಳದ ಗುಳಿಗಿ

ಮೂವತ್ತೊಂದು ವರ್ಷ “ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ” ಎಂದು ಕೂಗಿ ಗಂಟಲು ಕೆಡಿಸಿಕೊಂಡಿದ್ದ ಬಸ್ ಕಂಡಕ್ಟರ್ ರಾಚಪ್ಪ ಕೊಪ್ಪದ, ನಿವೃತ್ತನಾದ ಐದನೆಯ ವರ್ಷ ತನ್ನ ಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಒಳಗೂ ಸರಿಯಲಿಲ್ಲ, ಹೊರಗೂ ಇಳಿಯಲಿಲ್ಲ. ಬಯಲಿನಲ್ಲಿ ಹೇಗೋ ಕಾಲೆಳೆದುಕೊಂಡು ನಡೆಯುತ್ತಿದ್ದವನಿಗೆ ಹೊಸ್ತಿಲು ಕಂಡದ್ದೇ ತಡ, ಎರಡೂ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಇದು ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದರು. ಅದು ಕೈ ನಡುಗಿಸುತ್ತದೆ, ಮೈ ಬಿಗಿಯುತ್ತದೆ, ದನಿ ತಗ್ಗಿಸುತ್ತದೆ, ಬಾಗಿಲು ಕಂಡಲ್ಲಿ ಹಿಡಿದು ನಿಲ್ಲಿಸುತ್ತದೆ. ಹಳೇ ಹುಬ್ಬಳ್ಳಿಯ ಆ ಮನೆಗೆ ಬಾಗಿಲುಗಳು ಐದು.

ಹೆಂಡತಿ ಸಾವಂತ್ರವ್ವ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಗಂಡ ಹೊಸ್ತಿಲಲ್ಲಿ ನಿಂತಾಗ ಅವನ ಪಾದದ ಮುಂದೆ ತನ್ನ ಪಾದವನ್ನು ಅಡ್ಡ ಇಡುತ್ತಿದ್ದಳು. ಹೊಸ್ತಿಲು ದಾಟಲಾರದ ಕಾಲು, ಅದೇಕೋ, ಹೆಂಡತಿಯ ಕಾಲನ್ನು ದಾಟುತ್ತಿತ್ತು. ತೊಂದರೆಯೆಂದರೆ ಹಾಗೆ ದಾಟುವಾಗ ಕಾಲಿಗೆ ಕಾಲು ತಾಗುತ್ತಿತ್ತು. ತಾಗಿತೆಂದರೆ ಅವಳು ಬಗ್ಗಿ ಗಂಡನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅದು ಮುಗಿಯುವತನಕ ಅವನು ನಿಲ್ಲಬೇಕು. ನಿಂತನೆಂದರೆ ಮತ್ತೆ ಅಂಟಿಕೊಂಡ.

“ಹಿಂಗಾದ್ರ ಬಚ್ಚಲಕ್ಕ ಹೋಗೂದಂದ್ರ ಪಂಢರಪುರಕ್ಕ ಹೋದಂಗ ಆತು ನೋಡು” ಎನ್ನುತ್ತಿದ್ದ ರಾಚಪ್ಪ.

“ನಿಮ್ಮ ಬಸ್ಸಿನಕಿಂತ ಲಗೂನ ಮುಟ್ಟಸ್ತೀನಿ. ಬಾಯಿ ಮುಚ್ಚಿ ಕಾಲ ಎತ್ರಿ” ಎನ್ನುತ್ತಿದ್ದಳು ಅವಳು.

ಎರಡು ವರ್ಷ ಹೀಗೆ ನಡೆಯಿತು. ಆ ಹೊತ್ತಿಗೆ ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಎನ್‌ಟಿ-೪೧ ಎಂಬ ಗುಳಿಗೆಯ ಪರೀಕ್ಷೆ ಶುರುವಾಯಿತು.

ಗುಳಿಗೆಯ ಹಿಂದಿನ ಯೋಚನೆ ಸರಳವಾದದ್ದು. ಮಿದುಳಿನ ಆಳದಲ್ಲಿ ನಮ್ಮ ನಡಿಗೆಗೆ ತಾಳ ಹಾಕುವ ಜೀವಕೋಶಗಳ ಗುಂಪೊಂದಿದೆ. ಪಾರ್ಕಿನ್ಸನ್ ಬಂದವರಲ್ಲಿ ಈ ತಾಳದವರು ಒಬ್ಬೊಬ್ಬರಾಗಿ ಎದ್ದುಹೋಗುತ್ತಾರೆ. ಕಾಲಿನಲ್ಲಿ ಶಕ್ತಿ ಇರುತ್ತದೆ, ಯಾವಾಗ ಎತ್ತಬೇಕೆಂದು ಹೇಳುವವರು ಇರುವುದಿಲ್ಲ. ಹೊರಗಿನಿಂದ ಯಾರಾದರೂ ಚಪ್ಪಾಳೆ ತಟ್ಟಿದರೆ, ಹಲಗೆ ಬಾರಿಸಿದರೆ ಅಂಥವರು ಸರಾಗ ನಡೆಯುತ್ತಾರೆಂಬುದು ಹಳೆಯ ಸಂಗತಿ. ಆದರೆ ದಿನವಿಡೀ ಹಲಗೆ ಬಾರಿಸಿಕೊಂಡು ಓಡಾಡಲು ಎಲ್ಲರೂ ಮದುಮಕ್ಕಳಲ್ಲ. ಎನ್‌ಟಿ-೪೧ ಮಾಡುತ್ತಿದ್ದದ್ದು ಇಷ್ಟು: ನುಂಗಿದ ಮೇಲೆ ನಲವತ್ತು ನಿಮಿಷ, ಕಿವಿಯಿಂದ ಕಾಲಿಗೆ ಹೋಗುವ ಒಂದು ಒಳದಾರಿಯನ್ನು ತೆರೆದಿಡುವುದು. ಆ ನಲವತ್ತು ನಿಮಿಷದಲ್ಲಿ ಕೇಳಿದ ತಾಳ, ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡಿ, ಸಂಜೆಯತನಕ ಕಾಲಿನಲ್ಲಿ ಉಳಿಯುತ್ತಿತ್ತು.

ಪರೀಕ್ಷೆಗೆ ನಲವತ್ತೆರಡು ಮಂದಿ ಸೇರಿದರು. ಅರ್ಧ ಜನರಿಗೆ ನಿಜವಾದ ಗುಳಿಗೆ, ಅರ್ಧ ಜನರಿಗೆ ಹಾಗೆಯೇ ಕಾಣುವ ಖಾಲಿ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಗುಳಿಗೆಯ ಜೊತೆ ಒಂದು ಪುಟ್ಟ ಪೆಟ್ಟಿಗೆ. ಅದು ನಿಮಿಷಕ್ಕೆ ನೂರಾನಾಲ್ಕು ಸಲ ಟಿಕ್ ಎನ್ನುತ್ತದೆ. ಬೆಳಗಿನ ಏಳಕ್ಕೆ ಗುಳಿಗೆ ನುಂಗಿ, ನಲವತ್ತು ನಿಮಿಷ ಅದರ ಮುಂದೆ ಕೂರಬೇಕು. ಕಾಲಿಗೆ ಒಂದು ಪಟ್ಟಿ. ಇಟ್ಟ ಪ್ರತಿ ಹೆಜ್ಜೆಯನ್ನೂ ಅದು ಧಾರವಾಡಕ್ಕೆ ತಿಳಿಸುತ್ತದೆ.

ರಾಚಪ್ಪನ ನಂಬರು ಇಪ್ಪತ್ತೊಂಬತ್ತು. ಎನ್‌ಟಿ-೪೧ ಎನ್ನಲು ನಾಲಿಗೆ ಹೊರಳದ ಸಾವಂತ್ರವ್ವ ಅದನ್ನು ‘ತಾಳದ ಗುಳಿಗಿ’ ಎಂದು ಕರೆದಳು. ಮೊದಲನೆಯ ದಿನವೇ ಒಂದು ಚೂರು ಮುರಿದು ನಾಲಿಗೆಗೆ ಹಚ್ಚಿ ನೋಡಿ, “ಕಹಿ ಐತಿ. ನಮಗ ಖರೇದ್ದ ಕೊಟ್ಟಾರ” ಎಂದು ತೀರ್ಪು ಕೊಟ್ಟಳು. ಖಾಲಿ ಗುಳಿಗೆಯನ್ನೂ ಅಷ್ಟೇ ಕಹಿಯಾಗಿ ಮಾಡಿರುತ್ತಾರೆಂದು ಅವಳಿಗೆ ಯಾರೂ ಹೇಳಲಿಲ್ಲ.

*

ಏಳನೆಯ ವಾರದ ಹೊತ್ತಿಗೆ ಧಾರವಾಡದಲ್ಲಿ ಡಾಕ್ಟರ್ ವಕುಳಾ ಮುಖ ಬಾಡಿಸಿಕೊಂಡು ಕೂತಿದ್ದಳು. ಮೈಸೂರು ಕಡೆಯವಳು, ಆರು ವರ್ಷ ಈ ಗುಳಿಗೆಯ ಹಿಂದೆ ಬಿದ್ದಿದ್ದಳು. ಕೆಲವರು ಮೊದಲ ಹತ್ತು ದಿನ ಸೊಗಸಾಗಿ ನಡೆದರು. ಆಮೇಲೆ ಒಬ್ಬೊಬ್ಬರಾಗಿ ಹಿಂದಿನಂತೆ ಕಾಲೆಳೆಯತೊಡಗಿದರು. ಪರದೆಯ ಮೇಲಿನ ಗೆರೆಗಳು ಏರಿದ ದಾರಿಯಲ್ಲೇ ಇಳಿದುಬಂದವು.

ಹೆಜ್ಜೆಗಳ ಲೆಕ್ಕ ನೋಡಿಕೊಳ್ಳುವ ದಸ್ತಗೀರ ನದಾಫ ನವಲಗುಂದದವನು. ಕಡಿಮೆ ಮಾತಿನ ಮನುಷ್ಯ. ಮಾತಾಡಿದರೆ ಪರದೆಯ ಜೊತೆಗೆ ಮಾತಾಡುತ್ತಿದ್ದ.

“ಇಪ್ಪತ್ತೊಂಬತ್ತು ಇಳಿದಿಲ್ಲರಿ ಮೇಡಮ್” ಎಂದ ಅವನು.

“ಹೌದಾ? ಎಷ್ಟಿದೆ?”

“ನೂರಾ ಹದಿನೆಂಟು.”

“ಪೆಟ್ಟಿಗೆ ನೂರಾನಾಲ್ಕು ಹೊಡೆಯುತ್ತೆ. ಇವರು ನೂರಾ ಹದಿನೆಂಟು ಹೇಗೆ ನಡೀತಾರೆ? ಪಟ್ಟಿ ಕೆಟ್ಟಿರಬೇಕು.”

“ಮೂರು ಸಲ ಬದಲಿ ಮಾಡೇವ್ರಿ.”

ವಕುಳಾ ಕುರ್ಚಿ ಎಳೆದುಕೊಂಡು ಬಂದಳು. ಇಪ್ಪತ್ತೊಂಬತ್ತನೆಯವನ ನಡಿಗೆ ವಿಚಿತ್ರವಾಗಿತ್ತು. ಮೊದಲ ಹೆಜ್ಜೆಗಳು ಸಾವಕಾಶ, ಆಮೇಲೆ ಚುರುಕು, ಕೊನೆಗೆ ಇನ್ನೂ ಚುರುಕು, ನಲವತ್ತಮೂರನೆಯ ಹೆಜ್ಜೆಯ ಸುತ್ತಮುತ್ತ ಗಕ್ಕನೆ ನಿಲ್ಲುವುದು. ಒಂಬತ್ತು ಹತ್ತು ಸೆಕೆಂಡು ಬಿಟ್ಟು ಮತ್ತೆ ಸಾವಕಾಶ ಶುರು. ದಿನವಿಡೀ ಇದೇ.

ನದಾಫ ಪರದೆ ನೋಡುತ್ತ ಅದೇ ತಾಳವನ್ನು ಅಂಗೈಯಿಂದ ಮೇಜಿನ ಮೇಲೆ ತಟ್ಟಿದ. ಮತ್ತೊಮ್ಮೆ ತಟ್ಟಿದ. ಎಡಗೈ ತಾನಾಗಿಯೇ ಮೇಜಿನ ಮೇಲೆ ಏನನ್ನೋ ಸುತ್ತ ತಿರುಗಿಸಿತು. ಆಮೇಲೆ ಮುಖ ಕೆಂಪು ಮಾಡಿಕೊಂಡು ಹೇಳಿದ:

“ಮೇಡಮ್ರೀ, ಇದು ರೊಟ್ಟಿ.”

“ರೊಟ್ಟಿ ಅಂದ್ರೆ?”

“ಜೋಳದ ರೊಟ್ಟಿರಿ. ನಮ್ಮವ್ವ ಬಡಿಯೂದು ಹಿಂಗ. ಹಿಟ್ಟು ದಪ್ಪ ಇದ್ದಾಗ ಸಾವಕಾಶ, ತೆಳ್ಳಗ ಆದಂಗ ಲಗು ಲಗು. ಆಮ್ಯಾಲ ಎತ್ತಿ ಹಂಚಿನ ಮ್ಯಾಲ ಹಾಕಿ, ನೀರು ಸವರಿ, ಇನ್ನೊಂದು ಉಂಡಿ ತಗೋತಾರ. ಅದs ಆ ಹತ್ತು ಸೆಕೆಂಡು.”

ವಕುಳಾ ಬೆಳೆದದ್ದು ಮುದ್ದೆಯ ಸೀಮೆಯಲ್ಲಿ. ಮುದ್ದೆ ಸದ್ದಿಲ್ಲದೆ ಆಗುವ ಅಡುಗೆ. ಅವಳು ಆ ಗೆರೆಯನ್ನು ಬಹಳ ಹೊತ್ತು ನೋಡಿ, “ಗಾಡಿ ತೆಗೀರಿ” ಎಂದಳು.

*

ಹುಬ್ಬಳ್ಳಿಯ ಮನೆಯಲ್ಲಿ ಪೆಟ್ಟಿಗೆ ಸಿಕ್ಕಿದ್ದು ಗೋದಿಯ ಡಬ್ಬಿಯೊಳಗೆ, ಹಳೆಯ ಕೌದಿಯ ತುಂಡಿನಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ. ಒಳಗಿನಿಂದ ಅದು ಇನ್ನೂ ಕ್ಷೀಣವಾಗಿ ಟಿಕ್ ಎನ್ನುತ್ತಿತ್ತು.

“ಮರದಾಗ ಹುಳ ಕೊರದಂಗ ಕೊರೀತದರಿ ಬಾಯಾರ” ಎಂದಳು ಸಾವಂತ್ರವ್ವ, ಒಂದಿಷ್ಟೂ ಅಳುಕಿಲ್ಲದೆ. “ಏಳರ ಹೊತ್ತಿಗೆ ನಾ ರೊಟ್ಟಿ ಬಡೀಲೋ, ಇದರ ಕಟಿಪಿಟಿ ಕೇಳ್ಲೋ? ಖಾನಾವಳಿಯವ ಒಂಬತ್ತಕ್ಕ ಬಂದು ನಿಂದರತಾನ. ಎಂಬತ್ತು ರೊಟ್ಟಿ ಕೊಡಬೇಕು.”

“ಹಾಗಾದ್ರೆ ಗುಳಿಗೆ ನುಂಗಿ ಇವರು ಎಲ್ಲಿ ಕೂರ್ತಾರೆ?”

“ಎಲ್ಲಿ ಕುಂದರತಾರ? ನನ್ನ ಎದುರಿಗೆ. ಒಲಿ ಮುಂದ. ಮೊದಲನೇ ರೊಟ್ಟಿ ಅವರದ.”

ರಾಚಪ್ಪ ತಲೆ ತಗ್ಗಿಸಿದ. “ನಾ ಹೇಳಿದೆರಿ ಬಾಯಾರ, ಡಾಕ್ಟರು ಬೈತಾರಂತ. ನಮ್ಮ ಮಾತು ಯಾರು ಕೇಳ್ತಾರ. ಇದು ನಂದs ಬಸ್ಸು, ಆದ್ರ ಡ್ರೈವರ್ ಅಕಿ.”

ವಕುಳಾ ಬೈಯಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕಾಲು ಮಡಚಿ ಕೂತು, ಗಡಿಯಾರ ಹಿಡಿದು ಹನ್ನೊಂದು ರೊಟ್ಟಿ ನೋಡಿದಳು. ನೋಡುತ್ತ ನೋಡುತ್ತ, ಆರು ವರ್ಷ ತನಗೆ ಹೊಳೆಯದ್ದು ಹೊಳೆಯಿತು. ಗೋಡೆಯ ಗಡಿಯಾರದ ಸದ್ದು ತಂದ ದಿನ ಕೇಳಿಸುತ್ತದೆ, ವಾರ ಕಳೆದರೆ ಕೇಳಿಸುವುದಿಲ್ಲ. ಮುಂದಿನ ಟಿಕ್ ಯಾವಾಗ ಬರುತ್ತದೆಂದು ಗೊತ್ತಾದ ಮೇಲೆ ಮಿದುಳು ಅದನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಪೆಟ್ಟಿಗೆಯ ತಾಳ ಹತ್ತು ದಿನಕ್ಕೆ ಸತ್ತದ್ದು ಹಾಗೆ. ಸಾವಂತ್ರವ್ವನ ಎರಡು ರೊಟ್ಟಿಗಳು ಒಂದೇ ತಾಳದಲ್ಲಿದ್ದರೂ ಒಂದೇ ಥರ ಇರಲಿಲ್ಲ. ಒಂದು ಕಡೆ ಹಿಟ್ಟು ಬಿರಿಯುತ್ತಿತ್ತು, ಅವಳು ಎರಡು ಪೆಟ್ಟು ತಡೆದು ಅಂಚು ಒತ್ತುತ್ತಿದ್ದಳು. ಇನ್ನೊಂದು ಕಡೆ ಉರಿ ಹೆಚ್ಚಾಗಿ ಕೈ ಚುರುಕಾಗುತ್ತಿತ್ತು. ಗಂಡನ ಮಿದುಳು ಪ್ರತಿದಿನ ಕಿವಿಗೊಟ್ಟೇ ಕೇಳಬೇಕಾಗಿತ್ತು.

ಪರೀಕ್ಷೆಯ ಮೇಲ್ವಿಚಾರಣೆ ಮಾಡುವ ಸಮಿತಿಯ ಹಿರಿಯರು ಮುಖ ಸಿಂಡರಿಸಿದರು. ಆದರೂ ಇಳಿಯುವ ಗೆರೆಗಳ ನಡುವೆ ಇಳಿಯದ ಗೆರೆ ಒಂದೇ ಇದ್ದುದರಿಂದ, ಒಪ್ಪಿದರು. ಪೆಟ್ಟಿಗೆಗಳನ್ನು ವಾಪಸು ತರಿಸಿ, ಮನೆಯಲ್ಲೇ ಯಾವುದಾದರೂ ಜೀವಂತ ತಾಳ ಹುಡುಕಿಕೊಳ್ಳಿರೆಂದು ಎಲ್ಲರಿಗೂ ಹೇಳಿದರು. ಒಬ್ಬ ಮೇಷ್ಟರು ತಂಗಿಯ ಹೊಲಿಗೆ ಯಂತ್ರದ ಮುಂದೆ ಕೂತರು. ಒಬ್ಬಾಕೆ ಪಕ್ಕದ ಮನೆಯವರು ಕಲ್ಲಿಗೆ ಬಟ್ಟೆ ಒಗೆಯುವುದನ್ನು ಕೇಳಿದಳು. ಬಿದ್ದ ಗೆರೆಗಳಲ್ಲಿ ಹದಿನೇಳು ಮತ್ತೆ ಎದ್ದವು.

ರಾಚಪ್ಪ ಸಂಜೆ ಸಂಜೆ ಬಸ್ ಸ್ಟ್ಯಾಂಡಿನತನಕ ನಡೆದುಹೋಗತೊಡಗಿದ. ಅಲ್ಲಿ ಹಳೆಯ ಕಂಡಕ್ಟರುಗಳು ಬೆಂಚಿನ ಮೇಲೆ ಕೂತು ಹೊಸ ಕಂಡಕ್ಟರುಗಳನ್ನು ಬೈಯುತ್ತಾರೆ. ನಲವತ್ತಮೂರು ಹೆಜ್ಜೆಗೊಮ್ಮೆ ಅವನ ಕಾಲು ನಿಲ್ಲುತ್ತಿತ್ತು, ಹಂಚಿನ ಮೇಲೆ ರೊಟ್ಟಿ ಹಾಕುವಷ್ಟು ಹೊತ್ತು. ಆಗ ಪಕ್ಕದಲ್ಲಿ ಯಾರಿರುತ್ತಾರೋ ಅವರನ್ನು ಮಾತಾಡಿಸುತ್ತಿದ್ದ. “ಏನ್ರಿ, ಅರಾಮ? ಮಗಳು ಬಂದಾಳ?” ಅವರು ಉತ್ತರ ಕೊಡುವಷ್ಟರಲ್ಲಿ ಕಾಲು ಹೊರಟುಬಿಡುತ್ತಿತ್ತು. ರಾಚಪ್ಪ ಭಾಳ ಛಲೋ ಮನುಷ್ಯ ಆದ, ಮೊದಲು ಯಾರನ್ನೂ ಮಾತಾಡಿಸುತ್ತಿರಲಿಲ್ಲ ಎಂದು ಓಣಿಯಲ್ಲಿ ಹೆಸರಾಯಿತು.

*

ಆರನೆಯ ತಿಂಗಳಲ್ಲಿ ಇಪ್ಪತ್ತೊಂಬತ್ತರ ಗೆರೆ ಬಾಗಿತು.

ಮೊದಲು ನೂರಾ ಹನ್ನೆರಡು. ವಾರ ಕಳೆದು ನೂರಾಮೂರು. ಆಮೇಲೆ ತೊಂಬತ್ತೈದು. ನಿಲ್ಲುವ ಹತ್ತು ಸೆಕೆಂಡು ಇಪ್ಪತ್ತಾಯಿತು, ಮೂವತ್ತಾಯಿತು. ವಕುಳಾ ಕಾಯಿಲೆ ಮುಂದುವರಿದಿದೆಯೆಂದು ಬರೆಯಲು ಪೆನ್ನು ತೆಗೆದಳು. ಗುಳಿಗೆ ಸೋತಿದೆ ಎಂಬುದಕ್ಕಿಂತ ಹಾಗೆ ಬರೆಯುವುದು ಅವಳಿಗೆ ಸುಲಭವಾಗಿತ್ತು.

“ಸ್ವಲ್ಪ ತಡೀರಿ ಮೇಡಮ್” ಎಂದ ನದಾಫ. “ಇಲ್ಲಿ ನೋಡ್ರಿ. ಮೊದಲಿನ ಇಪ್ಪತ್ತು ಹೆಜ್ಜಿ ಗಟ್ಟಿ ಬೀಳತಾವ. ಆಮ್ಯಾಲಿನವು ಹಗುರ ಆಗತಾವ, ಅಂಕುಡೊಂಕು. ಕಾಯಿಲಿ ಆಗಿದ್ರ ಮೊದಲಿಂದನ ಹಗುರ ಇರಬೇಕಲ್ಲರಿ?”

“ಅಂದ್ರೆ?”

“ಇಪ್ಪತ್ತು ಪೆಟ್ಟು ಬಲಗೈಲೆ ಹಾಕ್ಯಾರ. ಆಮ್ಯಾಲ ಎಡಗೈಗೆ ಬದಲಿ ಮಾಡ್ಯಾರ.” ಅವನು ಪರದೆಯಿಂದ ಮುಖ ತಿರುಗಿಸಿ ಮೊದಲ ಬಾರಿ ಅವಳನ್ನೇ ನೋಡಿ ಹೇಳಿದ. “ಇವರಿಗೆ ಏನೂ ಆಗಿಲ್ಲರಿ. ಆ ಅವ್ವಗ ಕೈ ನೋಯಾಕತ್ತೈತಿ.”

ಪರದೆಯ ಮೇಲಿದ್ದದ್ದು ರಾಚಪ್ಪನ ಕಾಲು. ನೋಯುತ್ತಿದ್ದದ್ದು ಸಾವಂತ್ರವ್ವನ ಭುಜ. ವಕುಳಾ ಕಳೆದ ತಿಂಗಳ ಗೆರೆಗಳನ್ನೆಲ್ಲ ಮತ್ತೆ ತೆಗೆದು ನೋಡಿದಳು. ನೋವು ಯಾವ ದಿನ ಶುರುವಾಯಿತು, ಯಾವ ದಿನ ಹೆಚ್ಚಾಯಿತು, ಯಾವ ಸೋಮವಾರ ಅವಳು ಹಲ್ಲು ಕಚ್ಚಿ ಹಿಂದಿನಂತೆಯೇ ಬಡಿಯಲು ನೋಡಿ ಮೂರನೆಯ ರೊಟ್ಟಿಗೆ ಸೋತಳು, ಎಲ್ಲ ಅಲ್ಲಿತ್ತು.

ಮರುದಿನ ಹುಬ್ಬಳ್ಳಿಯಲ್ಲಿ ಅವಳು ಕೇಳಿದಳು: “ಅಮ್ಮಾ, ನಿಮ್ಮ ಕೈ ಹೇಗಿದೆ?”

“ಅರಾಮ ಐತ್ರಿ.”

ಈ ಒಂದು ಮಾತು ಪರೀಕ್ಷೆಯುದ್ದಕ್ಕೂ ವಕುಳಾಳ ತಲೆ ತಿಂದಿತ್ತು. ಹೇಗಿದ್ದೀರಿ ಎಂದು ಕೇಳಿದರೆ ಈ ಕಡೆಯವರು ಸಾಯುವ ಹಾಸಿಗೆಯಲ್ಲೂ ಅರಾಮ ಎನ್ನುತ್ತಾರೆ. ಪ್ರಶ್ನಾವಳಿಯ ಆ ಸಾಲಿನಲ್ಲಿ ನಲವತ್ತೆರಡು ಜನರೂ ಅದನ್ನೇ ಬರೆಸಿದ್ದರು.

“ಬಲಗೈ ಸ್ವಲ್ಪ ಮೇಲೆತ್ತಿ.”

ಸಾವಂತ್ರವ್ವ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವಳು ಅದನ್ನು ಅಲ್ಲಿಯೇ ಸೆರಗು ಸರಿ ಮಾಡಿಕೊಳ್ಳುವ ಕೆಲಸಕ್ಕೆ ಹಚ್ಚಿದಳು. ಅಷ್ಟಕ್ಕೆ ರಾಚಪ್ಪನಿಗೆ ಗೊತ್ತಾಯಿತು.

“ಎಷ್ಟು ದಿನ ಆತು?” ಎಂದು ಕೇಳಿದ.

“ನಿಮಗ್ಯಾಕ ಬೇಕು ಅದು. ನೀವು ನಡೀರಿ.”

“ಎಷ್ಟು ದಿನ ಆತು ಅಂತ ಕೇಳಿದೆ.”

“ಆಗಿರಬೇಕು ಒಂದು ತಿಂಗಳು.”

ಒಂದು ತಿಂಗಳು ರಾಚಪ್ಪ ದಿನಾ ಅವಳ ಎದುರಿಗೇ ಕೂತಿದ್ದ.

*

ಎಲುಬಿನ ಡಾಕ್ಟರು ಭುಜ ಹಿಡಿದುಕೊಂಡಿದೆ, ಆರು ತಿಂಗಳು ರೊಟ್ಟಿ ಬಡಿಯಕೂಡದು ಎಂದರು. ಸಾವಂತ್ರವ್ವ ಖಾನಾವಳಿಯವನಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿದಳು. ಗಂಡನ ಕಾಲಿಗೆ ಹಾಗೆ ಹೇಳಲು ಬರುತ್ತಿರಲಿಲ್ಲ.

ನದಾಫ, ಹಿಂದೊಮ್ಮೆ ಮುದ್ರಿಸಿಟ್ಟುಕೊಂಡಿದ್ದ ಅವಳ ರೊಟ್ಟಿಯ ಸದ್ದನ್ನು ತಂದು ಕೇಳಿಸಿದ. ಅದು ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮಿದುಳಿಗೆ ಬಾಯಿಪಾಠವಾಗಿಬಿಟ್ಟಿತು. ಎದುರು ಮನೆಯ ಮಾದೇವಿಯನ್ನು ಕರೆಸಿ ನೋಡಿದರು. ಮಾದೇವಿಗೆ ಅತ್ತೆಯ ಮೇಲಿನ ಸಿಟ್ಟೆಲ್ಲ ರೊಟ್ಟಿಯ ಮೇಲೆ. ಅವಳ ತಾಳ ನೂರಾನಲವತ್ತರ ಮೇಲಿತ್ತು. ಅಂದು ರಾಚಪ್ಪ ಸ್ಟ್ಯಾಂಡಿಗೆ ಹೊರಟವನು ನಿಲ್ಲಲಾರದೆ ಸ್ಟ್ಯಾಂಡು ದಾಟಿ, ಪೆಟ್ರೋಲು ಬಂಕಿನತನಕ ಹೋಗಿ, ಆಟೋದಲ್ಲಿ ವಾಪಸು ಬಂದ.

“ಇಕಿ ಸಂಗಾಟ ಸಂಸಾರ ಮಾಡಾವ ದೊಡ್ಡಾಂವ” ಎಂದ, ಮಾದೇವಿಯ ಗಂಡನ ಬಗ್ಗೆ ನಿಜವಾದ ಗೌರವದಿಂದ.

“ನಾನ ಬಡೀತೀನಿ ತಗೋರಿ, ನಾಕs ನಾಕು” ಎಂದಳು ಸಾವಂತ್ರವ್ವ. ಬಡಿದಳು ಕೂಡ. ಅವಳು ಬಾಯಿಂದ ಚಕಾರ ಎತ್ತಲಿಲ್ಲ, ಆದರೆ ಅಂದು ರಾಚಪ್ಪನ ಪ್ರತಿ ಹೆಜ್ಜೆಯೂ ಅವಳು ನುಂಗಿದ ನರಳಿಕೆಯಂತೆ ಬಿದ್ದಿತು. ಅವನು ಅಂಗಳ ದಾಟಿ ವಾಪಸು ಬಂದ.

ಮರುದಿನ ಬೆಳಿಗ್ಗೆ ಗುಳಿಗೆಯ ಹೊತ್ತು ಮುಗಿದ ಮೇಲೂ ಅವನು ಏಳಲಿಲ್ಲ. “ಗುಳಿಗಿ ತಾಕತ್ತು ಹೋಗೇತಿ. ಸುಮ್ಮ ಯಾಕ ಬಡೀತಿ, ಬಿಡು” ಎಂದ. ಅದರ ಮರುದಿನವೂ ಹಾಗೆಯೇ. ಧಾರವಾಡದಲ್ಲಿ ಇಪ್ಪತ್ತೊಂಬತ್ತರ ಗೆರೆ ಮಲಗಿತು. ಹುಬ್ಬಳ್ಳಿಯಲ್ಲಿ ಸಾವಂತ್ರವ್ವ ಮತ್ತೆ ಐದು ಬಾಗಿಲಿಗೂ ಕಾಲು ಅಡ್ಡ ಇಟ್ಟಳು. ಭುಜದ ನೋವಿಗೆ ಬಗ್ಗಿ ಪಾದ ಮುಟ್ಟಲು ಆಗುತ್ತಿರಲಿಲ್ಲ. ಗಾಳಿಯಲ್ಲೇ ಎಡಗೈಯಿಂದ ಮುಟ್ಟಿದಂತೆ ಮಾಡಿ ಕಣ್ಣಿಗೊತ್ತಿಕೊಂಡಳು.

ಆರನೆಯ ದಿನ ಗಂಡನ ಅಂಗಿ ಒಗೆಯಲು ಹಾಕುವಾಗ ಅದರ ಕಿಸೆಯಲ್ಲಿ ಏನೋ ಕೈಗೆ ತಾಗಿತು.

“ಇದೇನ್ರಿ?”

“ಏನು?”

“ಕಿಸೆದಾಗ ಆರು ಗುಳಿಗಿ ಅದಾವ.”

ರಾಚಪ್ಪ ಸುಳ್ಳು ಹೇಳಲು ಒಂದು ಕ್ಷಣ ನೋಡಿದ. ಮೂವತ್ತೊಂದು ವರ್ಷ ಟಿಕೀಟಿಲ್ಲದವರ ಸುಳ್ಳು ಕೇಳಿದವನಿಗೆ ಒಂದೂ ನೆನಪಾಗಲಿಲ್ಲ.

“ತಾಕತ್ತು ಹೋಗೇತಿ ಅಂದ್ರಿ.”

“ನಿನ್ನ ಕೈ ತಾಕತ್ತು ಹೋಗಾಕತ್ತಿತ್ತು. ಎರಡರಾಗ ಒಂದು ಬಿಡಬೇಕಲ್ಲ.”

“ಹಂಗಂತ ಕುಂತ ಬಿಡಾವ್ರ ನೀವು?”

“ಕುಂತ್ರ ಏನಾತು. ಸರ್ವೀಸಿನಾಗ ಪೂರ್ತಿ ನಿಂತೇನಿ.”

ಅವಳು ಗುಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನ ಪಕ್ಕ ಕೂತಳು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಇಬ್ಬರೂ ಅವನು ಓಣಿ ದಾಟುವತನಕ ಕಾದರು.

“ನೀವು ಸಂಜಿಕೆ ಸ್ಟ್ಯಾಂಡಿಗೆ ಹೋಗಿ ಬರತೀರಲ್ಲ” ಎಂದಳು ಸಾವಂತ್ರವ್ವ, ಗೋಡೆಯ ಕಡೆ ನೋಡುತ್ತ. “ಬಂದು ಅಲ್ಲಿ ಯಾರು ಏನಂದ್ರು ಅಂತ ಹೇಳತೀರಲ್ಲ. ಅದು ಕೇಳಲಿಲ್ಲ ಅಂದ್ರ ನನಗ ದಿನಾ ಮುಗದಂಗ ಅನಸೂದಿಲ್ಲ.”

ರಾಚಪ್ಪ ಒಲೆಯ ಕಡೆ ನೋಡಿ, “ನೀ ಒಂದು ಕೆಲಸ ಮಾಡು. ಕಲಸು” ಎಂದ.

“ಈಗ? ಹಿಟ್ಟು ಯಾಕ ಕಲಸ್ಲಿ ಈಗ?”

“ಹಿಟ್ಟಲ್ಲ. ನನಗ ಕಲಸು. ರೊಟ್ಟಿ ಬಡಿಯೂದು.”

ಅರವತ್ತೇಳು ವರ್ಷದಲ್ಲಿ ಒಲೆಯ ಕಡೆ ಚಹಾಕ್ಕೂ ಕೈ ಚಾಚದ ಗಂಡನನ್ನು ಅವಳು ತಿರುಗಿ ನೋಡಿದಳು. ಭುಜದ ನೋವು ಮರೆತು ನಕ್ಕಳು, ನೆನಪಾಗಿ ನಿಲ್ಲಿಸಿದಳು.

*

“ಅದು ಆಗಲ್ಲ” ಎಂದಳು ವಕುಳಾ ಫೋನಿನಲ್ಲಿ. “ನೋಡಿ ಯಜಮಾನ್ರೇ, ನಿಮಗೆ ನೀವೇ ಕಚಗುಳಿ ಇಟ್ಕೊಂಡ್ರೆ ನಗು ಬರುತ್ತಾ? ಬರಲ್ಲ. ನಿಮ್ಮ ಕೈ ಏನು ಮಾಡುತ್ತೆ ಅಂತ ನಿಮ್ಮ ಮಿದುಳಿಗೆ ಮೊದಲೇ ಗೊತ್ತಿರುತ್ತೆ. ನೀವೇ ಹಾಕಿದ ತಾಳ ನಿಮಗೆ ಕೇಳಿಸಿದ್ರೂ ಕೇಳಿಸದ ಹಾಗೆ.”

“ಖರೇ ಐತ್ರಿ ಬಾಯಾರ” ಎಂದ ರಾಚಪ್ಪ. “ನಾಳೆ ಏಳಕ್ಕ ಶುರು ಮಾಡತೀವಿ. ಬರ್ರಿ ನೀವು. ನಾಷ್ಟಾ ಇಲ್ಲೇ.”

ಏಳಕ್ಕೆ ವಕುಳಾ ಮತ್ತು ನದಾಫ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದರು. ರಾಚಪ್ಪ ಗುಳಿಗೆ ನುಂಗಿ ತೋಳು ಮಡಚಿದ. ಸುಮ್ಮನಿದ್ದಾಗ ನಡುಗುವ ಕೈ, ಕೆಲಸಕ್ಕೆ ಹಚ್ಚಿದರೆ ನಡುಕ ಬಿಡುತ್ತದೆ; ಆ ಕಾಯಿಲೆಯಲ್ಲಿರುವ ದಯೆ ಅದೊಂದೇ. ಸಾವಂತ್ರವ್ವ ಪಕ್ಕದಲ್ಲಿ ಮಣೆ ಹಾಕಿಕೊಂಡು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಯೊಂದರಿಂದಲೇ ರೊಟ್ಟಿ ಮಾಡಲು ಕೂತಳು.

“ಬಡೀರಿ. ಹಂಗಲ್ಲ. ಅಂಗೈಲೆ. ಅದೇನು ನೊಣ ಹೊಡೀತೀರೇನು?”

ತಪ್. ತಪ್. ತಪ್‌ತಪ್.

“ತಿರುವ್ರಿ. ಎಡಗೈಲೆ ತಿರುವ್ರಿ. ಅಯ್ಯ ಶಿವನ, ಹಿಟ್ಟು ತಿರುವಂದ್ರ ನೀವs ತಿರಗಾಕತ್ತೀರಲ್ಲ.”

ತಪ್‌ತಪ್‌ತಪ್. ನಿಲುಗಡೆ. ತಪ್.

“ಹರೀತು.”

“ಹರೀಲಿ ಬಿಡು. ತಿನ್ನೂ ಮುಂದ ಹೆಂಗೂ ಹರೀತಾರ.”

“ಮುದ್ದಿ ಮಾಡಿ ಮತ್ತ ಬಡೀರಿ.”

ನಲವತ್ತು ನಿಮಿಷದಲ್ಲಿ ಆರು ರೊಟ್ಟಿ ಆದವು. ಒಂದೂ ದುಂಡಗಿರಲಿಲ್ಲ. ಒಂದು ಬೆಳಗಾವಿ ಜಿಲ್ಲೆಯ ನಕಾಶೆಯಂತಿತ್ತು. ನದಾಫ ಅದನ್ನು ಬಹಳ ಗಂಭೀರವಾಗಿ ನೋಡಿ, ಖಾನಾಪುರ ತಾಲೂಕು ಹೊತ್ತಿದೆ ಎಂದ. ಯಾರೂ ನಗಲಿಲ್ಲ. ಗಡಿಯಾರ ಏಳು ನಲವತ್ತಾಗಿತ್ತು. ಎಲ್ಲರ ಕಣ್ಣೂ ಇದ್ದದ್ದು ರಾಚಪ್ಪನ ಕಾಲಿನ ಮೇಲೆ, ಆ ಕಾಲಿನಾಚೆಗಿದ್ದ ಬಾಗಿಲಿನ ಮೇಲೆ. ಅವನೊಬ್ಬನ ಕಣ್ಣು ರೊಟ್ಟಿಯ ಮೇಲಿತ್ತು.

“ಇದಕ್ಕ ನೀರು ಸವರಬೇಕಲ್ಲ. ನೀರು ತೀರೇತಿ ಇಲ್ಲಿ” ಎಂದ. ಎಂದವನು ಬೋಗುಣಿ ಹಿಡಿದು ಎದ್ದ. ಎರಡು ಹೆಜ್ಜೆ ಸಾವಕಾಶ, ಒಂದು ಚುರುಕು, ಒಂದು ಅಡ್ಡ, ಸ್ವಲ್ಪ ನಿಂತು ಮೂರು ಚುರುಕು. ಬಚ್ಚಲಿನ ಕಡೆ ಹೊರಟುಹೋದ. ಹೊಸ್ತಿಲು ಹಿಂದೆ ಉಳಿಯಿತು.

ವಕುಳಾ ನದಾಫನ ಮಡಿಲಲ್ಲಿದ್ದ ಪರದೆ ನೋಡಿದಳು. ಇಂಥ ಗೆರೆಯನ್ನು ಅವಳು ಆರು ವರ್ಷದಲ್ಲಿ ನೋಡಿರಲಿಲ್ಲ. ಕಲ್ಲು ರಸ್ತೆಯ ಮೇಲೆ ಹೋದ ಬಸ್ಸಿನ ಹಾಗಿತ್ತು. ಆದರೆ ನಡಿಗೆ. ಅನುಮಾನವೇ ಇಲ್ಲದ ನಡಿಗೆ.

“ಇಲ್ಲೇನಾಯ್ತು?” ಎಂದು ಪಿಸುದನಿಯಲ್ಲಿ ಕೇಳಿದಳು, ಗೆರೆಯ ಒಂದು ತಗ್ಗಿನ ಮೇಲೆ ಬೆರಳಿಟ್ಟು.

“ಅಲ್ಲಿ ರೊಟ್ಟಿ ಹರೀತ್ರಿ” ಎಂದ ನದಾಫ ಅಷ್ಟೇ ಮೆಲ್ಲಗೆ. “ಇಲ್ಲಿ ಅವ್ವ ಬೈದಾರ.”

ವಕುಳಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಕೈ ಮುಂದೇನು ಮಾಡುತ್ತದೆಂದು ಮಿದುಳಿಗೆ ಮೊದಲೇ ಗೊತ್ತಿರುತ್ತದೆ, ನಿಜ. ಆದರೆ ಈ ಮನುಷ್ಯನ ರೊಟ್ಟಿ ಎಷ್ಟು ಕೆಟ್ಟದ್ದೆಂದರೆ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಅವನ ಮಿದುಳಿಗೂ ಗೊತ್ತಿರಲಿಲ್ಲ. ಅದು ಕಿವಿಗೊಟ್ಟು ಕೇಳುತ್ತಿತ್ತು.

ಇದನ್ನು ಅವಳು ಸಾವಂತ್ರವ್ವನಿಗೆ ಬಿಡಿಸಿ ಹೇಳಿದಳು. ಕೊನೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದಳು: “ಆದ್ರೆ ಇವರು ಚೆನ್ನಾಗಿ ಕಲಿತುಬಿಟ್ರೆ ಮತ್ತೆ ಕೆಲಸ ಮಾಡದೇ ಹೋಗಬಹುದು, ಅಮ್ಮಾ.”

“ಆ ಚಿಂತಿ ಬಿಡ್ರಿ ಬಾಯಾರ” ಎಂದಳು ಸಾವಂತ್ರವ್ವ. “ನಾ ಇವರನ್ನ ನಲವತ್ತೈದು ವರ್ಷದಿಂದ ಬಲ್ಲೆ.”

ರಾಚಪ್ಪ ನೀರು ತುಳುಕಿಸಿಕೊಂಡು ವಾಪಸು ಬಂದ. ಎರಡು ಹೊಸ್ತಿಲು ದಾಟಿ ಹೋಗಿ, ಎರಡು ದಾಟಿ ಬಂದದ್ದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ವಕುಳಾ ಏನೋ ಹೇಳಲು ಬಾಯಿ ತೆರೆದಳು. ಸಾವಂತ್ರವ್ವ ಎಡಗೈಯಿಂದ ಅವಳ ಮೊಣಕಾಲು ಒತ್ತಿದಳು. ಹೇಳಿದರೆ ಕಾಲಿಗೆ ಕೇಳಿಸೀತು.

“ಅರಿವಿ ಎಲ್ಲಿ?” ಎಂದು ಗಂಡನನ್ನು ಗದರಿದಳು. “ನೀರೇನು ಬೊಗಸೀಲೆ ಸವರತೀರಿ? ಪಡಸಾಲಿಯೊಳಗ ಹಗ್ಗದ ಮ್ಯಾಲ ಐತಿ, ತರ್ರಿ.”

ಅವನು ಗೊಣಗುತ್ತ ಹೋದ. ತಂದ.

“ಇದಲ್ಲರಿ. ಬಿಳೀದು. ಅಂಗಳದಾಗ ಇರಬೇಕು ನೋಡ್ರಿ.”

ಬಿಳಿಯ ಅರಿವೆ ಅವಳ ಮಣೆಯ ಕೆಳಗೇ ಇತ್ತು. ಅದರ ಅಂಚು ಕಾಣುತ್ತಿತ್ತು. ಅವಳು ಸೀರೆಯ ನೆರಿಗೆಯನ್ನು ಅದರ ಮೇಲೆ ಎಳೆದುಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿತ್ತು. ನದಾಫ ಅದನ್ನು ತೆಗೆಯಲು ಕೈ ಚಾಚಿದ.

“ಇರಲಿ ತಮ್ಮಾ, ಹತ್ತಲಿ ಬಿಡು” ಎಂದಳು ಸಾವಂತ್ರವ್ವ. ಅಂಗಳದ ಕಡೆ ಹೊರಟ ಹೆಜ್ಜೆಗಳು ಮೂರನೆಯ ಹೊಸ್ತಿಲು ದಾಟಿ, ನಾಲ್ಕನೆಯದನ್ನೂ ದಾಟುವುದನ್ನು ಕೇಳುತ್ತ, ಇನ್ನೇನು ತರಿಸಬಹುದೆಂದು ಅವಳು ಯೋಚಿಸುತ್ತಿದ್ದಳು.